ಒಂದೇ ಮ್ಯಾಕ್ರೋ, ಹಲವು ಆಫೀಸ್ ವರ್ಷನ್: ಯಾವ ದಾರಿ ಯಾರಿಗೆ?

ಮನೆಯ ಲ್ಯಾಪ್‌ಟಾಪ್‌ನಲ್ಲಿ ಮೈಕ್ರೋಸಾಫ್ಟ್ ಆಫೀಸ್‌ನ 365 ವರ್ಷನ್ ಇದೆ. ಆಫೀಸಿನ ಸಿಸ್ಟಮ್‌ಗಳಲ್ಲಿ 2016. ಅಕೌಂಟ್ಸ್ ನೋಡುವವರ ಹಳೇ ಕಂಪ್ಯೂಟರಿನಲ್ಲಿ ಇನ್ನೂ 2010. ಎಕ್ಸೆಲ್‌ನಿಂದ ಔಟ್‌ಲುಕ್ ತೆರೆದು ಎಲ್ಲರಿಗೂ ಸಂಬಳದ ಚೀಟಿ ಕಳಿಸುವ ಮ್ಯಾಕ್ರೋ (ಆಫೀಸ್ ಒಳಗೇ ವಿಬಿಎ ಭಾಷೆಯಲ್ಲಿ ಬರೆಯುವ ಚಿಕ್ಕ ಪ್ರೋಗ್ರಾಂ) ಬರೆದಿದ್ದೀರಿ. ನಿಮ್ಮಲ್ಲಿ ಓಡುತ್ತದೆ, ಅಲ್ಲಿ ಓಡುವುದಿಲ್ಲ. ಯಾರನ್ನಾದರೂ ಕೇಳಿದರೆ ಒಬ್ಬರು ರೆಫರೆನ್ಸ್ (ಇನ್ನೊಂದು ಪ್ರೋಗ್ರಾಂನ ಆಜ್ಞೆಗಳ ಸಂಗ್ರಹವಾದ ಲೈಬ್ರರಿಗೆ ಕೊಡುವ ಕೊಂಡಿ) ಹಾಕಿ ಅನ್ನುತ್ತಾರೆ, ಇನ್ನೊಬ್ಬರು ಇರುವ ರೆಫರೆನ್ಸ್ ತೆಗೆಯಿರಿ ಅನ್ನುತ್ತಾರೆ, ಮತ್ತೊಬ್ಬರು ಪೈಥಾನ್ ಪ್ರೋಗ್ರಾಮಿಂಗ್ ಭಾಷೆ ಕಲಿಯಿರಿ ಅನ್ನುತ್ತಾರೆ. ಮೂವರ ಮಾತೂ ಸರಿಯೇ. ಅವರವರು ಮಾಡುವ ಕೆಲಸ ಬೇರೆ ಬೇರೆ. ನಿಮ್ಮ ಕೆಲಸಕ್ಕೆ ಯಾವುದು ಹೊಂದುತ್ತದೆ ಅನ್ನೋದನ್ನು ನೋಡೋಣ.

ಮೊದಲು ಇವನ್ನು ಕೇಳಿಕೊಳ್ಳಿ

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ: ಮ್ಯಾಕ್ರೋ ಓಡುವ ಸಿಸ್ಟಮ್‌ಗಳು ನಿಮ್ಮ ಕೈಯಲ್ಲಿವೆಯಾ? ಒಂದೇ ಕೋಣೆಯ ಐದು ಕಂಪ್ಯೂಟರ್‌ಗಳಾದರೆ ಎದ್ದು ಹೋಗಿ ಸರಿಮಾಡಿ ಬರಬಹುದು. ಫೈಲನ್ನು ಬೇರೆ ಊರಿನ ಶಾಖೆಗಳಿಗೆ ಮೇಲ್ ಮಾಡುತ್ತೀರಿ ಅಂದರೆ ಕಥೆಯೇ ಬೇರೆ.

ಎರಡನೆಯದು, ಎಕ್ಸೆಲ್ ಮ್ಯಾಕ್ರೋ ಎಕ್ಸೆಲ್‌ನಲ್ಲೇ ಕೆಲಸ ಮುಗಿಸುತ್ತದೆಯಾ, ಅಥವಾ ವರ್ಡ್, ಔಟ್‌ಲುಕ್ ಕೂಡ ನಡೆಸಬೇಕಾ? ಎಕ್ಸೆಲ್‌ನಲ್ಲೇ ಮುಗಿಯುವುದಾದರೆ ಅರ್ಧ ತಲೆನೋವು ಇಲ್ಲ. ಫೈಲ್ ಯಾವ ಎಕ್ಸೆಲ್‌ನಲ್ಲಿ ತೆರೆದಿದೆಯೋ ಆ ಎಕ್ಸೆಲ್‌ನ ಲೈಬ್ರರಿ ತಾನಾಗಿಯೇ ಹೊಂದಿಕೊಳ್ಳುತ್ತದೆ. ತಕರಾರು ಶುರುವಾಗುವುದು ಒಂದು ಪ್ರೋಗ್ರಾಂ ಇನ್ನೊಂದನ್ನು ಕರೆದಾಗ.

ಮೂರನೆಯದು, ನೀವು ರಜೆಯಲ್ಲಿದ್ದಾಗ ಇದನ್ನು ರಿಪೇರಿ ಮಾಡುವವರು ಯಾರು? ನಾಲ್ಕನೆಯದು, ಆಫೀಸ್ 32 ಬಿಟ್‌ನದಾ, 64 ಬಿಟ್‌ನದಾ? ಖರ್ಚಿನ ಮಾತೂ ಇದೆ, ಆದರೆ ಮ್ಯಾಕ್ರೋಗೆ ದುಡ್ಡು ಹೋಗುವುದು ಬರೆಯುವಾಗ ಅಲ್ಲ. ಹಳೇ ವರ್ಷನ್‌ನಲ್ಲಿ ಓಡಿಸಿ ನೋಡಲು ಒಂದು ಸಿಸ್ಟಮ್ ಇಟ್ಟುಕೊಳ್ಳಬೇಕಲ್ಲ, ಅದಕ್ಕೆ.

ರೆಫರೆನ್ಸ್ ಹಾಕಿ ಬರೆಯುವುದು

ಕೋಡ್ ಬರೆಯುವ ವಿಬಿಎ ಎಡಿಟರ್‌ನ ಟೂಲ್ಸ್ ಮೆನುವಿನಲ್ಲಿ ರೆಫರೆನ್ಸಸ್ ತೆರೆದು 'ಮೈಕ್ರೋಸಾಫ್ಟ್ ಔಟ್‌ಲುಕ್ 16.0 ಆಬ್ಜೆಕ್ಟ್ ಲೈಬ್ರರಿ'ಗೆ ಟಿಕ್ ಹಾಕುತ್ತೀರಲ್ಲ, ಅದೇ ಅರ್ಲಿ ಬೈಂಡಿಂಗ್. ಹೆಸರಿನ ಮುಂದೆ ಚುಕ್ಕಿ ಒತ್ತಿದ ತಕ್ಷಣ ಬಳಸಬಹುದಾದ ಆಜ್ಞೆಗಳ ಪಟ್ಟಿ ಬರುತ್ತದೆ. ಹೆಸರು ತಪ್ಪಾಗಿ ಬರೆದರೆ ಓಡಿಸುವ ಮೊದಲೇ ಕಂಪೈಲ್ ಎರರ್ ಬರುತ್ತದೆ. ಕಾನ್‌ಸ್ಟೆಂಟ್‌ಗಳೆಲ್ಲ, ಅಂದರೆ ಹೆಸರಿಟ್ಟ ಸ್ಥಿರ ಸಂಖ್ಯೆಗಳೆಲ್ಲ, ಹೆಸರಿನಿಂದಲೇ ಸಿಗುತ್ತವೆ. ಹೊಸದಾಗಿ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ತೊಂದರೆ ಇರುವುದು ಆ 16.0 ಅನ್ನುವ ಸಂಖ್ಯೆಯಲ್ಲಿ. 2007ಕ್ಕೆ 12.0, 2010ಕ್ಕೆ 14.0 (13 ಅನ್ನು ಬಿಟ್ಟೇಬಿಟ್ಟರು), 2013ಕ್ಕೆ 15.0, 2016ಕ್ಕೆ 16.0. 14.0 ಟಿಕ್ ಇರುವ ಫೈಲನ್ನು 2016 ಇರುವ ಸಿಸ್ಟಮ್‌ನಲ್ಲಿ ತೆರೆದರೆ ಅದು ಸದ್ದಿಲ್ಲದೆ 16.0 ಆಗುತ್ತದೆ. ಮೇಲೆ ಹತ್ತುತ್ತದೆ, ಕೆಳಗೆ ಇಳಿಯುವುದಿಲ್ಲ. 16.0 ಇರುವ ಫೈಲನ್ನು 2010ರಲ್ಲಿ ತೆರೆದರೆ ರೆಫರೆನ್ಸ್ ಪಟ್ಟಿಯಲ್ಲಿ 'ಮಿಸ್ಸಿಂಗ್' ಅಂತ ಕಾಣಿಸುತ್ತದೆ.

ಶೇರ್ ಮಾಡಿದ ಫೋಲ್ಡರ್‌ನಲ್ಲಿ ಫೈಲ್ ಇದ್ದರೆ ಇದು ತುಂಬಾ ಕಾಡುತ್ತದೆ. ನೀವು 2010ರಲ್ಲೇ ಕೂತು ಬರೆದಿರುತ್ತೀರಿ, ಎಲ್ಲ ಕಡೆ ಓಡುತ್ತಿರುತ್ತದೆ. ಒಂದು ದಿನ 2016 ಇರುವವರು ಅದನ್ನು ತೆರೆದು ಸೇವ್ ಒತ್ತುತ್ತಾರೆ. ಮರುದಿನ 2010ರಲ್ಲಿ ಓಡುವುದಿಲ್ಲ. 'ನಿನ್ನೆ ಸರಿ ಇತ್ತು, ಯಾರೂ ಕೋಡ್ ಮುಟ್ಟಿಲ್ಲ' ಅಂತ ಹೇಳುವವರು ಸುಳ್ಳು ಹೇಳುತ್ತಿಲ್ಲ. ಎರರ್ ಕೂಡ ದಾರಿ ತಪ್ಪಿಸುತ್ತದೆ. 'ಕಾಂಟ್ ಫೈಂಡ್ ಪ್ರಾಜೆಕ್ಟ್ ಆರ್ ಲೈಬ್ರರಿ' ಅಂತ ಬಂದು, ಔಟ್‌ಲುಕ್‌ಗೆ ಸಂಬಂಧವೇ ಇಲ್ಲದ ಲೆಫ್ಟ್, ಫಾರ್ಮ್ಯಾಟ್, ಡೇಟ್ ಇಂಥ ಸಾಲಿನ ಮೇಲೆ ನಿಲ್ಲುತ್ತದೆ. ಆ ಸಾಲನ್ನು ಎಷ್ಟು ತಿದ್ದಿದರೂ ಪ್ರಯೋಜನ ಇಲ್ಲ. ಇಂಥ ಕಡೆ ಎರರ್ ಕಂಡರೆ ನೇರ ರೆಫರೆನ್ಸಸ್ ತೆರೆದು 'ಮಿಸ್ಸಿಂಗ್' ಹುಡುಕಿ.

ಹಾಗಂತ ಇದನ್ನು ಬಿಟ್ಟೇಬಿಡಬೇಕಾಗಿಲ್ಲ. 2016, 2019, 2021, 2024, 365 ಎಲ್ಲವೂ 16.0 ಅಂತಲೇ ಹೇಳಿಕೊಳ್ಳುತ್ತವೆ. ನಿಮ್ಮಲ್ಲಿರುವುದು 2016 ಮತ್ತು ಅದರ ನಂತರದ್ದು ಮಾತ್ರ ಆಗಿದ್ದರೆ ರೆಫರೆನ್ಸ್ ಹಾಕಿಯೇ ಇಡಿ. ಇಂಥ ಆಫೀಸುಗಳಲ್ಲೂ ಹಳೇ ಸಲಹೆ ಕೇಳಿಕೊಂಡು ಲೇಟ್ ಬೈಂಡಿಂಗ್‌ಗೆ (ರೆಫರೆನ್ಸ್ ಇಲ್ಲದೆ ಬರೆಯುವುದಕ್ಕೆ) ಹೋಗಿ ಸುಮ್ನೆ ಒದ್ದಾಡುವವರನ್ನು ನೋಡಿದ್ದೇನೆ.

ರೆಫರೆನ್ಸ್ ಇಲ್ಲದೆ ಬರೆಯುವುದು

ಲೇಟ್ ಬೈಂಡಿಂಗ್‌ನಲ್ಲಿ ಯಾವ ಟಿಕ್ಕೂ ಇರುವುದಿಲ್ಲ. ವೇರಿಯಬಲ್ ಅನ್ನು (ಕೋಡ್‌ನಲ್ಲಿ ಬೆಲೆ ಇಟ್ಟುಕೊಳ್ಳುವ ಹೆಸರನ್ನು) 'ಆಬ್ಜೆಕ್ಟ್' ಅಂತ ಘೋಷಿಸಿ, 'ಕ್ರಿಯೇಟ್‌ಆಬ್ಜೆಕ್ಟ್' ಬಳಸಿ 'ಔಟ್‌ಲುಕ್ ಡಾಟ್ ಅಪ್ಲಿಕೇಶನ್' ಅನ್ನು ಕರೆಯುತ್ತೀರಿ. ಆ ಸಿಸ್ಟಮ್‌ನಲ್ಲಿ ಯಾವ ವರ್ಷನ್ ಇದೆಯೋ ಅದು ಬರುತ್ತದೆ. ಔಟ್‌ಲುಕ್ ಇಲ್ಲವೇ ಇಲ್ಲ ಅಂದರೆ 429 ಎರರ್. ಅದನ್ನು ಹಿಡಿದು 'ಈ ಕಂಪ್ಯೂಟರಿನಲ್ಲಿ ಔಟ್‌ಲುಕ್ ಇಲ್ಲ' ಅಂತ ಮರ್ಯಾದೆಯಿಂದ ಹೇಳಬಹುದು. ರೆಫರೆನ್ಸ್ ಇದ್ದಿದ್ದರೆ ಇಡೀ ಮ್ಯಾಕ್ರೋ ಅಲ್ಲೇ ನಿಂತುಬಿಡುತ್ತಿತ್ತು.

ಕಳೆದುಕೊಳ್ಳುವುದು ಏನು? ಚುಕ್ಕಿ ಒತ್ತಿದರೆ ಪಟ್ಟಿ ಬರುವುದಿಲ್ಲ. ಹೆಸರಿನ ತಪ್ಪು ಓಡಿಸಿದಾಗಲೇ ಗೊತ್ತಾಗುವುದು, 438 ಎರರ್ ಆಗಿ. ವೇಗವೂ ಕಡಿಮೆ ಅನ್ನುತ್ತಾರೆ. ನಿಜ, ಪ್ರತಿ ಕರೆಯಲ್ಲೂ ಹೆಸರು ಹುಡುಕುವ ಕೆಲಸ ಇರುತ್ತದೆ. ಆದರೆ ಎಕ್ಸೆಲ್‌ನಿಂದ ವರ್ಡ್‌ಗೆ ಹೋಗಿ ಬರುವುದಕ್ಕೇ ಅದಕ್ಕಿಂತ ಎಷ್ಟೋ ಜಾಸ್ತಿ ಸಮಯ ಬೇಕು. ಮ್ಯಾಕ್ರೋ ನಿಧಾನ ಅನ್ನಿಸಿದರೆ ಬೈಂಡಿಂಗ್ ಬದಲಾಯಿಸುವ ಮೊದಲು, ಸೆಲ್‌ಗಳನ್ನು ಒಂದೊಂದಾಗಿ ಓದುವುದನ್ನು ಬಿಟ್ಟು ಇಡೀ ರೇಂಜ್ ಅನ್ನು (ಸೆಲ್‌ಗಳ ಗುಂಪನ್ನು) ಒಂದೇ ಸಲ ಅರೇಗೆ, ಅಂದರೆ ಮೆಮೊರಿಯಲ್ಲಿರುವ ಬೆಲೆಗಳ ಪಟ್ಟಿಗೆ, ತುಂಬಿಸಿ ನೋಡಿ.

ನಿಜವಾದ ಅಪಾಯ ಇರುವುದು ಕಾನ್‌ಸ್ಟೆಂಟ್‌ಗಳಲ್ಲಿ. ವರ್ಡ್ ಫೈಲನ್ನು ಪಿಡಿಎಫ್ ಆಗಿ ಸೇವ್ ಮಾಡಲು 'ಡಬ್ಲ್ಯುಡಿ ಫಾರ್ಮ್ಯಾಟ್ ಪಿಡಿಎಫ್' ಅಂತ ಬರೆಯುತ್ತೀರಿ. ಅದರ ಬೆಲೆ 17. ರೆಫರೆನ್ಸ್ ತೆಗೆದ ಮೇಲೆ ಎಕ್ಸೆಲ್‌ಗೆ ಆ ಹೆಸರು ಗೊತ್ತಿಲ್ಲ. ಮಾಡ್ಯೂಲ್‌ನ (ಕೋಡ್ ಬರೆಯುವ ಪುಟದ) ತಲೆಯಲ್ಲಿ 'ಆಪ್ಶನ್ ಎಕ್ಸ್‌ಪ್ಲಿಸಿಟ್' (ಘೋಷಿಸದ ಹೆಸರನ್ನು ಒಪ್ಪದಂತೆ ಮಾಡುವ ಸಾಲು) ಇಲ್ಲದಿದ್ದರೆ ಅದು ಯಾವುದೋ ಖಾಲಿ ವೇರಿಯಬಲ್ ಅಂದುಕೊಂಡು ಸೊನ್ನೆ ಕಳಿಸುತ್ತದೆ. ವರ್ಡ್‌ಗೆ ಸೊನ್ನೆ ಅಂದರೆ ಹಳೇ ಡಾಕ್ ಫಾರ್ಮ್ಯಾಟ್. ಎರರ್ ಬರುವುದಿಲ್ಲ. ಫೈಲ್ ಸೇವ್ ಆಗುತ್ತದೆ, ಹೆಸರಿನ ಕೊನೆಯಲ್ಲಿ ಪಿಡಿಎಫ್ ಅಂತಲೂ ಇರುತ್ತದೆ. ಒಳಗೆ ಇರುವುದು ಮಾತ್ರ ವರ್ಡ್ ಡಾಕ್ಯುಮೆಂಟ್. ತೆಗೆದುಕೊಂಡವರು 'ಫೈಲ್ ತೆರೀತಿಲ್ಲ' ಅಂತ ಫೋನ್ ಮಾಡಿದಾಗಲೇ ಗೊತ್ತಾಗುವುದು. ಔಟ್‌ಲುಕ್‌ನಲ್ಲಿ ಇನ್ನೂ ಮೋಸ. ಮೇಲ್‌ಗೆ ಇರುವ ಸಂಖ್ಯೆಯೇ ಸೊನ್ನೆ. ಹಾಗಾಗಿ ಕಾನ್‌ಸ್ಟೆಂಟ್ ಘೋಷಿಸದಿದ್ದರೂ ಮೇಲ್ ಸರಿಯಾಗಿ ಹೋಗುತ್ತದೆ. ಅದೇ ಧೈರ್ಯದಲ್ಲಿ ಕ್ಯಾಲೆಂಡರ್‌ಗೆ ಅಪಾಯಿಂಟ್‌ಮೆಂಟ್ ಹಾಕಲು ಹೊರಟರೆ, ಅದರ ಸಂಖ್ಯೆ 1, ಆದರೆ ತೆರೆದುಕೊಳ್ಳುವುದು ಮತ್ತೊಂದು ಖಾಲಿ ಮೇಲ್.

ಆದ್ದರಿಂದ ಲೇಟ್ ಬೈಂಡಿಂಗ್ ಬೇಕು ಅಂದರೆ 'ಆಪ್ಶನ್ ಎಕ್ಸ್‌ಪ್ಲಿಸಿಟ್' ಇರಲೇಬೇಕು. ಇದರಲ್ಲಿ ರಾಜಿ ಬೇಡ.

ನಾನು ಹೇಳುವ ದಾರಿ: ಬರೆಯುವಾಗ ಒಂದು, ಕೊಡುವಾಗ ಒಂದು

ಎರಡರಲ್ಲಿ ಒಂದನ್ನೇ ಆರಿಸಬೇಕು ಅಂತ ಯಾರೂ ಹೇಳಿಲ್ಲ. ಬರೆಯುವಾಗ ರೆಫರೆನ್ಸ್ ಹಾಕಿಕೊಳ್ಳಿ, ಪಟ್ಟಿಯ ಸಹಾಯ ತೆಗೆದುಕೊಳ್ಳಿ. ಕೆಲಸ ಮುಗಿದ ಮೇಲೆ ಘೋಷಣೆಗಳನ್ನು 'ಆಬ್ಜೆಕ್ಟ್'ಗೆ ಬದಲಾಯಿಸಿ, 'ನ್ಯೂ' ಇದ್ದಲ್ಲಿ 'ಕ್ರಿಯೇಟ್‌ಆಬ್ಜೆಕ್ಟ್' ಹಾಕಿ, ಟಿಕ್ ತೆಗೆಯಿರಿ. ಆಮೇಲೆ ಡೀಬಗ್ ಮೆನುವಿನಲ್ಲಿ ಕಂಪೈಲ್ ಒತ್ತಿ. ಗೊತ್ತಿಲ್ಲದ ಪ್ರತಿ ಕಾನ್‌ಸ್ಟೆಂಟ್ ಮೇಲೂ ಎಡಿಟರ್ ಬಂದು ನಿಲ್ಲುತ್ತದೆ. ಟಿಕ್ ತೆಗೆಯುವ ಮೊದಲೇ ಇಮಿಡಿಯೇಟ್ ವಿಂಡೋದಲ್ಲಿ (ಎಡಿಟರ್‌ನಲ್ಲಿ ಒಂದೊಂದು ಸಾಲು ಓಡಿಸಿ ನೋಡುವ ಜಾಗ) ಪ್ರಶ್ನಾರ್ಥಕ ಚಿಹ್ನೆ ಹಾಕಿ ಆ ಹೆಸರುಗಳ ಬೆಲೆ ಕೇಳಿ ಬರೆದಿಟ್ಟುಕೊಳ್ಳಿ. ಅವನ್ನೆಲ್ಲ ಒಂದು ಮಾಡ್ಯೂಲ್‌ನಲ್ಲಿ 'ಕಾನ್ಸ್ಟ್' ಆಗಿ ಇಟ್ಟರೆ ಮುಂದಿನ ಮ್ಯಾಕ್ರೋಗೂ ಬರುತ್ತವೆ.

ಪದೇ ಪದೇ ತಿದ್ದುವ ದೊಡ್ಡ ಮ್ಯಾಕ್ರೋ ಆದರೆ '#ಕಾನ್ಸ್ಟ್' (ಕಂಪೈಲ್ ಆಗುವಾಗ ಯಾವ ಭಾಗ ಬೇಕು ಅಂತ ಹೇಳುವ ಸ್ವಿಚ್) ಬಳಸಿ ಎರಡೂ ಘೋಷಣೆ ಒಂದೇ ಫೈಲಿನಲ್ಲಿ ಇಡಬಹುದು. ಒಂದು ಸಂಖ್ಯೆ ಬದಲಾಯಿಸಿದರೆ ಸಾಕು. ಟಿಕ್ ಮಾತ್ರ ಕೈಯಾರೆ ತೆಗೆಯಬೇಕು, ಅದನ್ನು ಮರೆತರೆ ಇಷ್ಟೆಲ್ಲ ಮಾಡಿಯೂ ದಂಡ. ಸಣ್ಣ ಮ್ಯಾಕ್ರೋಗೆ ಇಷ್ಟು ಬೇಡ.

ವರ್ಷನ್ ಕೇಳುವುದಾ, ಸೌಲಭ್ಯ ಕೇಳುವುದಾ?

ಹಲವರು ಕೋಡ್‌ನ ಶುರುವಿನಲ್ಲೇ 'ಅಪ್ಲಿಕೇಶನ್ ಡಾಟ್ ವರ್ಷನ್' ನೋಡಿ ದಾರಿ ಬೇರೆ ಮಾಡುತ್ತಾರೆ. ಇದರಲ್ಲಿ ಎರಡು ತೊಂದರೆ ಇವೆ. ಅದು ಕೊಡುವುದು ಸಂಖ್ಯೆಯಲ್ಲ, ಪಠ್ಯ. ಹಾಗೇ ಹೋಲಿಸಿದರೆ "9.0" ಅನ್ನುವುದು "12.0"ಗಿಂತ ದೊಡ್ಡದಾಗುತ್ತದೆ. 'ವಾಲ್' ಹಾಕಿ ಸಂಖ್ಯೆ ಮಾಡಿಕೊಳ್ಳಿ. ಎರಡನೆಯದಕ್ಕೆ ಪರಿಹಾರವೇ ಇಲ್ಲ. 2016ರಿಂದ ಈಚೆಗೆ ಎಲ್ಲವೂ 16.0. ಆದರೆ ಬೆಲೆ ಹುಡುಕಿ ಕೊಡುವ ಎಕ್ಸ್‌ಲುಕಪ್ ಫಂಕ್ಷನ್ 2021, 2024 ಮತ್ತು 365ರಲ್ಲಿ ಇದೆ, 2016, 2019ರಲ್ಲಿ ಇಲ್ಲ. ವರ್ಷನ್ ಸಂಖ್ಯೆ ಇದನ್ನು ಹೇಳುವುದಿಲ್ಲ.

ಹಾಗಾಗಿ ನೀನು ಯಾವ ವರ್ಷನ್ ಅಂತ ಕೇಳಬೇಡಿ, ನನಗೆ ಬೇಕಾದದ್ದು ನಿನ್ನಲ್ಲಿ ಇದೆಯಾ ಅಂತ ಕೇಳಿ. ಸೂತ್ರವನ್ನು ಕೋಡ್‌ನಲ್ಲೇ ಲೆಕ್ಕ ಹಾಕುವ 'ಇವ್ಯಾಲ್ಯುಯೇಟ್' ಒಳಗೆ ಒಂದು ಚಿಕ್ಕ ಎಕ್ಸ್‌ಲುಕಪ್ ಸೂತ್ರ ಕೊಡಿ. ಎರರ್ ಬೆಲೆ ಬಂದರೆ ಇಲ್ಲ, ಉತ್ತರ ಬಂದರೆ ಇದೆ. ಇಲ್ಲದಿದ್ದಾಗ ಹಳೇ ಫಂಕ್ಷನ್‌ಗಳಾದ ಇಂಡೆಕ್ಸ್ ಮತ್ತು ಮ್ಯಾಚ್ ಸೇರಿಸಿ ಬರೆಯಿರಿ. ಇನ್ನೂ ಒಳ್ಳೆಯದು, ಹಳೇ ಸಿಸ್ಟಮ್ ಒಂದಾದರೂ ಇರುವ ತನಕ ಎಲ್ಲರಿಗೂ ಇಂಡೆಕ್ಸ್-ಮ್ಯಾಚ್ ಹಾಕಿಬಿಡಿ. ಎರಡು ದಾರಿ ಇದ್ದರೆ ಎರಡನ್ನೂ ಓಡಿಸಿ ನೋಡಬೇಕು, ಅಲ್ವಾ?

ಕೋಡ್‌ನಲ್ಲಿ ಇದೇ ಥರದ್ದು, ಸೆಲ್‌ಗೆ ಸೂತ್ರ ಹಾಕುವ 'ಫಾರ್ಮುಲಾ2'. ಹೊಸ ಎಕ್ಸೆಲ್‌ನಲ್ಲಿ ಉತ್ತರ ಹಲವು ಸೆಲ್‌ಗಳಿಗೆ ಹರಡಬೇಕಾದರೆ ಅದು ಬೇಕು. ಹಳೇ 'ಫಾರ್ಮುಲಾ' ಬಳಸಿದರೆ ಸೂತ್ರದಲ್ಲಿ @ ಸೇರಿಕೊಂಡು ಒಂದೇ ಉತ್ತರ ಬರಬಹುದು. ವೇರಿಯಬಲ್ ಅನ್ನು ರೇಂಜ್ ಅಂತ ಘೋಷಿಸಿ 'ಫಾರ್ಮುಲಾ2' ಬರೆದರೆ 2013ರಲ್ಲಿ ಕಂಪೈಲ್ ಆಗುವುದೇ ಇಲ್ಲ, ಆ ಸಾಲಿಗೆ ಹೋಗದಿದ್ದರೂ. 'ಆಬ್ಜೆಕ್ಟ್' ಅಂತ ಘೋಷಿಸಿದರೆ ಆ ಸಾಲಿಗೆ ಬಂದಾಗ ಮಾತ್ರ ನೋಡುತ್ತದೆ. ಎಕ್ಸೆಲ್ ಒಳಗೇ ಇದ್ದರೂ ಲೇಟ್ ಬೈಂಡಿಂಗ್ ಉಪಯೋಗಕ್ಕೆ ಬರುವುದು ಇಲ್ಲಿ.

32 ಮತ್ತು 64

ವರ್ಷನ್‌ಗಿಂತ ಇದೇ ಜಾಸ್ತಿ ಜನರನ್ನು ನಿಲ್ಲಿಸುತ್ತದೆ. 64 ಬಿಟ್ ಆಫೀಸ್ ಬಂದದ್ದು 2010ರಿಂದ, 2019ರಿಂದ ಅದೇ ಡೀಫಾಲ್ಟ್ ಆಯಿತು. ಮ್ಯಾಕ್ರೋದಲ್ಲಿ ವಿಂಡೋಸ್‌ನ ಫಂಕ್ಷನ್‌ಗಳನ್ನು 'ಡಿಕ್ಲೇರ್' ಮಾಡಿದ್ದರೆ 64 ಬಿಟ್‌ನಲ್ಲಿ 'ಪಿಟಿಆರ್‌ಸೇಫ್' ಬೇಕು, ಹ್ಯಾಂಡಲ್‌ಗಳಿಗೆ (ವಿಂಡೋಸ್ ಕೊಡುವ ಗುರುತಿನ ಸಂಖ್ಯೆಗಳಿಗೆ) 'ಲಾಂಗ್' ಬದಲು 'ಲಾಂಗ್‌ಪಿಟಿಆರ್' ಬೇಕು. 'ಪಿಟಿಆರ್‌ಸೇಫ್' 2010ರ 32 ಬಿಟ್‌ನಲ್ಲೂ ನಡೆಯುತ್ತದೆ. ನಿಮ್ಮಲ್ಲಿ 2007 ಇಲ್ಲ ಅಂದರೆ '#ಇಫ್ ವಿಬಿಎ7' ಹಾಕಿ ಹೊಸದಕ್ಕೊಂದು, ಹಳೇದಕ್ಕೊಂದು ಅಂತ ಎರಡೆರಡು ಸಲ ಬರೆಯುವ ಅಗತ್ಯವೇ ಇಲ್ಲ.

ಇನ್ನೆರಡು ಕಡೆ ನೋಡಿಕೊಳ್ಳಿ. ಯೂಸರ್‌ಫಾರ್ಮ್‌ನಲ್ಲಿ (ಮ್ಯಾಕ್ರೋಗೆ ನೀವೇ ಮಾಡಿದ ಫಾರ್ಮ್) ದಿನಾಂಕ ಆರಿಸುವ ಹಳೇ ಡೇಟ್ ಪಿಕ್ಕರ್ ಇದ್ದರೆ ಅದು 64 ಬಿಟ್‌ನಲ್ಲಿ ಬರುವುದಿಲ್ಲ. ಆಕ್ಸೆಸ್ ಡೇಟಾಬೇಸ್‌ಗೆ 'ಜೆಟ್ 4.0' ಅನ್ನುವ ಹಳೇ ಡ್ರೈವರ್ ಮೂಲಕ ಸಂಪರ್ಕ ಮಾಡಿದ್ದರೆ ಅದೂ ಇಲ್ಲ, 'ಏಸ್ 12.0'ಗೆ ಬದಲಾಯಿಸಬೇಕು.

ಒಂದೇ ಸಿಸ್ಟಮ್‌ನಲ್ಲಿ ಎರಡು ಎಕ್ಸೆಲ್

ಪರೀಕ್ಷೆಗೆ ಅಂತ 2010 ಮತ್ತು 2016 ಎರಡನ್ನೂ ಹಾಕಿಕೊಂಡವರು ಕೇಳುವ ಪ್ರಶ್ನೆ: ಕೋಡ್‌ನಿಂದ 2010ನ್ನೇ ತೆರೆಯುವುದು ಹೇಗೆ? 'ಎಕ್ಸೆಲ್ ಡಾಟ್ ಅಪ್ಲಿಕೇಶನ್ ಡಾಟ್ 14' ಅಂತ ಕೊಟ್ಟರೆ ಸಾಕು ಅನ್ನಿಸುತ್ತದೆ. ಸಾಲದು. ಎಕ್ಸೆಲ್‌ನ ಎಲ್ಲ ವರ್ಷನ್‌ಗಳಿಗೂ ಒಳಗಿನ ಗುರುತು ಒಂದೇ, ಕೊನೆಗೆ ರಿಜಿಸ್ಟರ್ ಆದದ್ದು ತೆರೆದುಕೊಳ್ಳುತ್ತದೆ.

ನಡೆಯುವ ದಾರಿ ಇದು. ಬೇರೆ ಪ್ರೋಗ್ರಾಂ ಓಡಿಸುವ 'ಶೆಲ್' ಬಳಸಿ ಆಫೀಸ್14 ಫೋಲ್ಡರ್‌ನಲ್ಲಿರುವ ಎಕ್ಸೆಲ್‌ನ ಪೂರ್ತಿ ಪಾತ್ ಕೊಡಿ, ಜೊತೆಗೆ ತೆರೆಯಬೇಕಾದ ಫೈಲಿನ ಪಾತ್ ಕೂಡ. ಆಮೇಲೆ, ತೆರೆದಿರುವುದನ್ನು ಹಿಡಿದುಕೊಡುವ 'ಗೆಟ್‌ಆಬ್ಜೆಕ್ಟ್'ಗೆ ಅದೇ ಫೈಲಿನ ಪಾತ್ ಕೊಟ್ಟು ಹಿಡಿಯಿರಿ. ಬರೀ 'ಎಕ್ಸೆಲ್ ಡಾಟ್ ಅಪ್ಲಿಕೇಶನ್' ಅಂತ ಹಿಡಿಯಲು ಹೋದರೆ ಬೇರೆ ಎಕ್ಸೆಲ್ ಸಿಗಬಹುದು, ಅಥವಾ ಏನೂ ಸಿಗದಿರಬಹುದು. ಯಾಕೆಂದರೆ ಹೊಸದಾಗಿ ತೆರೆದ ಎಕ್ಸೆಲ್ ಒಮ್ಮೆ ಫೋಕಸ್ ಕಳೆದುಕೊಳ್ಳುವ ತನಕ 'ನಾನಿದ್ದೇನೆ' ಅಂತ ವಿಂಡೋಸ್‌ನ ಪಟ್ಟಿಗೆ ಸೇರುವುದಿಲ್ಲ. ಫೈಲಿನ ಪಾತ್ ಬಳಸುವಾಗಲೂ ಅವಸರ ಬೇಡ. ಫೈಲ್ ತೆರೆಯುವ ಮೊದಲೇ ಕೇಳಿದರೆ ವಿಂಡೋಸ್ ತನ್ನ ಡೀಫಾಲ್ಟ್ ಎಕ್ಸೆಲ್‌ನಲ್ಲಿ ಅದನ್ನು ತೆರೆಯಲು ಹೊರಡುತ್ತದೆ. ಕೆಲವು ಸೆಕೆಂಡ್ ಬಿಟ್ಟು ಹಿಡಿಯಿರಿ. ಹಿಡಿದ ಮೇಲೆ 'ಅಪ್ಲಿಕೇಶನ್ ಡಾಟ್ ಪಾತ್' ನೋಡಿ ಸರಿಯಾದದ್ದೇ ಅಂತ ಖಾತ್ರಿ ಮಾಡಿಕೊಳ್ಳಿ.

ಪರೀಕ್ಷೆ ಮಾಡಲು ಮಾತ್ರ ಈ ಕಷ್ಟ ಪಡಿ. ದಿನದ ಕೆಲಸವನ್ನು ಇದರ ಮೇಲೆ ಕಟ್ಟಬೇಡಿ. ಔಟ್‌ಲುಕ್ ಎರಡು ವರ್ಷನ್ ಜೊತೆಗೆ ಇರುವುದಿಲ್ಲ, 32 ಮತ್ತು 64 ಬಿಟ್ ಆಫೀಸ್ ಕೂಡ ಒಂದೇ ಕಡೆ ಇರುವುದಿಲ್ಲ. ಖರ್ಚು ಮಾಡಲು ಆಗುವುದಾದರೆ ಹಳೇ ಆಫೀಸ್ ಅನ್ನು ಬೇರೆ ವರ್ಚುವಲ್ ಮಷಿನ್‌ನಲ್ಲಿ (ಕಂಪ್ಯೂಟರಿನ ಒಳಗೇ ಓಡುವ ಇನ್ನೊಂದು ಕಂಪ್ಯೂಟರ್) ಇಡಿ. ಆಗದಿದ್ದರೆ ಮೂಲೆಯಲ್ಲಿರುವ ಹಳೇ ಕಂಪ್ಯೂಟರ್ ಸಾಕು. ಆದರೆ ಅದನ್ನು ಇಂಟರ್‌ನೆಟ್‌ನಿಂದ ದೂರ ಇಡಿ. 2010ಕ್ಕೆ 2020ರ ಅಕ್ಟೋಬರ್‌ನಲ್ಲಿ, 2013ಕ್ಕೆ 2023ರ ಏಪ್ರಿಲ್‌ನಲ್ಲಿ, 2016 ಮತ್ತು 2019ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿದಿದೆ.

ಹೊರಗಿನಿಂದ ನಡೆಸುವುದು

ಪೈಥಾನ್‌ನಲ್ಲಿ ಎರಡು ಬೇರೆ ಬೇರೆ ದಾರಿ ಇವೆ, ಜನ ಅವನ್ನು ಕಲಸಿಬಿಡುತ್ತಾರೆ. ಪೈವಿನ್32 ಅನ್ನುವ ಪೈಥಾನ್ ಲೈಬ್ರರಿ ನಿಜವಾದ ಎಕ್ಸೆಲ್ ಅನ್ನೇ ನಡೆಸುತ್ತದೆ. ಅದರಲ್ಲಿ 'ಡಿಸ್ಪ್ಯಾಚ್' ಅಂದರೆ ಸಾಮಾನ್ಯವಾಗಿ ಲೇಟ್ ಬೈಂಡಿಂಗ್, 'ಎನ್ಶೂರ್‌ಡಿಸ್ಪ್ಯಾಚ್' ಅಂದರೆ ಅರ್ಲಿ. ಅಂದರೆ ಮೇಲಿನ ಪ್ರಶ್ನೆಯೇ ಬೇರೆ ಭಾಷೆಯಲ್ಲಿ ಬಂದಿತು, ತಪ್ಪಿಸಿಕೊಂಡ ಹಾಗೆ ಆಗಲಿಲ್ಲ. ಆಫೀಸ್ ಬದಲಾದ ಮೇಲೆ 'ಎನ್ಶೂರ್‌ಡಿಸ್ಪ್ಯಾಚ್' ಕೈಕೊಟ್ಟರೆ ಟೆಂಪ್ ಫೋಲ್ಡರ್‌ನ ಒಳಗಿನ 'ಜೆನ್_ಪೈ' ಫೋಲ್ಡರ್ ಅಳಿಸಿ ನೋಡಿ.

ಪೈಥಾನ್‌ನ ಎರಡನೇ ದಾರಿ ಓಪನ್‌ಪೈಎಕ್ಸೆಲ್ ಲೈಬ್ರರಿ, ಅದು ಎಕ್ಸೆಲ್ ಇಲ್ಲದೆಯೇ ಫೈಲನ್ನು ಓದಿ ಬರೆಯುತ್ತದೆ. ವರ್ಷನ್‌ನ ಜಗಳವೇ ಇಲ್ಲ. ನೂರಾರು ಫೈಲ್‌ಗಳಿಂದ ಅಂಕಿ ಒಟ್ಟು ಮಾಡಬೇಕು ಅಂದರೆ ಕಣ್ಣು ಮುಚ್ಚಿ ಇದನ್ನು ಆರಿಸಿ. ಆದರೆ ಅದು ಸೂತ್ರಗಳನ್ನು ಲೆಕ್ಕ ಹಾಕುವುದಿಲ್ಲ, ಹಳೇ ಎಕ್ಸ್‌ಎಲ್‌ಎಸ್ ತೆರೆಯುವುದಿಲ್ಲ. ಮ್ಯಾಕ್ರೋ ಇರುವ ಫೈಲನ್ನು 'ಕೀಪ್ ವಿಬಿಎ' ಹೇಳದೆ ಸೇವ್ ಮಾಡಿದರೆ ಮ್ಯಾಕ್ರೋ ಹೋಗುತ್ತದೆ.

ವಿಂಡೋಸ್‌ನ ಹಳೇ ಸ್ಕ್ರಿಪ್ಟ್ ಭಾಷೆಯಾದ ವಿಬಿಸ್ಕ್ರಿಪ್ಟ್‌ನಲ್ಲಿ ಹೊಸದಾಗಿ ಏನೂ ಬರೆಯಬೇಡಿ. ಅದನ್ನು ವಿಂಡೋಸ್‌ನಿಂದ ಹಂತಹಂತವಾಗಿ ತೆಗೆಯುವುದಾಗಿ ಮೈಕ್ರೋಸಾಫ್ಟ್ 2023ರಲ್ಲೇ ಹೇಳಿದೆ. ಆ ಕೆಲಸಕ್ಕೆ ಪವರ್‌ಶೆಲ್ ಇದೆ. ವಿಬಿಎ ಬದಲು ಬಳಸುವ ಆಫೀಸ್ ಸ್ಕ್ರಿಪ್ಟ್ಸ್ ಚೆನ್ನಾಗಿದೆ, ಆದರೆ ಅದು ಎಕ್ಸೆಲ್‌ಗೆ ಮಾತ್ರ, ಅದೂ 365 ಇದ್ದವರಿಗೆ.

ಕನ್ನಡ ಬರೆಯುವವರು ಇದನ್ನು ನೋಡಿ

ವಿಬಿಎ ಎಡಿಟರ್‌ಗೆ ಯೂನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ವ್ಯವಸ್ಥೆ) ಬರುವುದಿಲ್ಲ. ಕೋಡ್ ಒಳಗೆ ಕನ್ನಡ ಟೈಪ್ ಮಾಡಿದರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಾಣುತ್ತದೆ. 2010ರಲ್ಲೂ ಹಾಗೇ, 365ರಲ್ಲೂ ಹಾಗೇ. ವಿಂಡೋಸ್‌ನ ಸಿಸ್ಟಮ್ ಲೊಕೇಲ್ ಅನ್ನು ಕನ್ನಡಕ್ಕೆ ಬದಲಾಯಿಸಿದರೆ ಸರಿಹೋಗುತ್ತದೆ ಅಂತ ಕೆಲವರು ಹೇಳುತ್ತಾರೆ. ಆಗುವುದಿಲ್ಲ, ಕನ್ನಡಕ್ಕೆ ಹಳೇ ಥರದ ಕೋಡ್ ಪೇಜ್ (ಒಂದು ಭಾಷೆಯ ಅಕ್ಷರಗಳ ಸಂಖ್ಯಾ ಪಟ್ಟಿ) ಇಲ್ಲವೇ ಇಲ್ಲ. ಸಂಖ್ಯೆಯಿಂದ ಅಕ್ಷರ ಕೊಡುವ 'ಸಿಎಚ್‌ಆರ್‌ಡಬ್ಲ್ಯು' ಬಳಸಿ 3221, 3240, 3277, 3240, 3233 ಅಂತ ಜೋಡಿಸಿದರೆ 'ಕನ್ನಡ' ಅನ್ನುವ ಪದ ಸೆಲ್‌ನಲ್ಲಿ ಸರಿಯಾಗಿ ಬರುತ್ತದೆ. ಆದರೆ ಇಡೀ ವಾಕ್ಯಕ್ಕೆ ಹೀಗೆ ಮಾಡುತ್ತಾ ಕೂರಬೇಡಿ. ಒಂದು ಹಾಳೆಯಲ್ಲಿ ಕನ್ನಡದ ಸಾಲುಗಳನ್ನೆಲ್ಲ ಬರೆದಿಟ್ಟು, ಕೋಡ್ ಅಲ್ಲಿಂದ ಓದಲಿ. ವಿಬಿಎಯ ಮೆಸೇಜ್ ಬಾಕ್ಸ್ ಕೂಡ ಕನ್ನಡ ತೋರಿಸುವುದಿಲ್ಲ. ಯೂಸರ್‌ಫಾರ್ಮ್‌ನ ಲೇಬಲ್‌ಗೆ ಹಾಳೆಯಿಂದ ಓದಿದ್ದನ್ನು ಕೊಟ್ಟರೆ ತೋರಿಸುತ್ತದೆ.

ಹಾಗಾದರೆ ಯಾರು ಯಾವುದನ್ನು ಆರಿಸಬೇಕು?

ಎಲ್ಲ ಸಿಸ್ಟಮ್‌ಗಳೂ 2016 ಅಥವಾ ಮೇಲಿನವಾಗಿದ್ದು ಒಂದೇ ಆಫೀಸಿನಲ್ಲಿದ್ದರೆ ರೆಫರೆನ್ಸ್ ಹಾಕಿಯೇ ಬರೆಯಿರಿ, 32-64 ಮಾತ್ರ ನೋಡಿಕೊಳ್ಳಿ. ನಡುವೆ ಒಂದು 2010 ಅಥವಾ 2013 ಇದ್ದರೂ ಕೊಡುವ ಫೈಲಿನಲ್ಲಿ ರೆಫರೆನ್ಸ್ ಇರಬಾರದು. ಈಗಷ್ಟೇ ಕಲಿಯುತ್ತಿರುವವರು ಮೊದಲು ರೆಫರೆನ್ಸ್‌ನಲ್ಲೇ ಬರೆಯಲಿ, ಪಟ್ಟಿಯೇ ಅರ್ಧ ಪಾಠ ಹೇಳಿಕೊಡುತ್ತದೆ. ಡೇಟಾ ಮಾತ್ರ ಮುಖ್ಯ, ಎಕ್ಸೆಲ್ ಪರದೆಯ ಮೇಲೆ ಬರಬೇಕಾಗಿಲ್ಲ ಅನ್ನುವವರಿಗೆ ಓಪನ್‌ಪೈಎಕ್ಸೆಲ್. ಆದರೆ ನಿಮ್ಮ ನಂತರ ಅದನ್ನು ನೋಡುವವರಿಗೆ ಪೈಥಾನ್ ಬರದಿದ್ದರೆ ವಿಬಿಎಯಲ್ಲೇ ಇರಿ.

ಬೇರೆ ಬೇರೆ ಊರುಗಳಿಗೆ ಫೈಲ್ ಕಳಿಸುವವರಿಗೆ ಲೇಟ್ ಬೈಂಡಿಂಗ್ ಬಿಟ್ಟು ಬೇರೆ ಆಯ್ಕೆ ಇಲ್ಲ. ಅವರು ಇನ್ನೂ ಒಂದು ಕೆಲಸ ಮಾಡಬೇಕು. 2022ರಿಂದ ಹೊಸ ಆಫೀಸ್, ಇಂಟರ್‌ನೆಟ್‌ನಿಂದ ಬಂದ ಫೈಲಿನ ಮ್ಯಾಕ್ರೋವನ್ನು ಕೆಂಪು ಪಟ್ಟಿ ತೋರಿಸಿ ತಡೆಯುತ್ತದೆ. ಹಳೇ ಆಫೀಸ್ ಹಳದಿ ಪಟ್ಟಿ ತೋರಿಸಿ 'ಎನೇಬಲ್' ಕೇಳುತ್ತದೆ. 'ಎನೇಬಲ್ ಬಟನ್ನೇ ಬರ್ತಿಲ್ಲ ಸಾರ್' ಅಂತ ಫೋನ್ ಬಂದರೆ ನಿಮ್ಮ ಕೋಡ್‌ನಲ್ಲಿ ತಪ್ಪು ಹುಡುಕಬೇಡಿ. ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ 'ಅನ್‌ಬ್ಲಾಕ್'ಗೆ ಟಿಕ್ ಹಾಕಿ ಮತ್ತೆ ತೆರೆಯಲು ಹೇಳಿ. ಫೈಲ್ ನಿಮ್ಮಿಂದಲೇ ಬಂದದ್ದು ಅಂತ ಅವರಿಗೆ ಖಾತ್ರಿ ಇದ್ದರೆ ಮಾತ್ರ. ಈ ಸಾಲನ್ನು ಫೈಲ್ ಕಳಿಸುವ ಮೇಲ್‌ನಲ್ಲೇ ಬರೆದುಬಿಡಿ.